ಲೊಲಿಟಾದ ಡೆಪ್ತ್ ಚಾರ್ಜ್ ಕೆಟ್ಟಿರಲಿಲ್ಲ

ಮಾನ್ಯ ಸಂಪಾದಕರೇ,

1942ರಲ್ಲಿ ಜಪಾನಿನ ಪುಟ್ಟ ಸಬ್‌ಮೆರಿನ್‌ಗಳು ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ಮೇಲೆ ಮಾಡಿದ ದಾಳಿಯ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆವು. ಉಳ್ಳವರ ಮೋಜಿನ ಮೋಟಾರು ದೋಣಿಗಳಿಗೆ ಬೂದು ಬಣ್ಣ ಬಳಿದು, ಮಷಿನ್‌ಗನ್ ಕೂರಿಸಿ, ಸಬ್‌ಮೆರಿನ್ ಬೇಟೆಗೆ ಇಳಿಸಿದ ಕಥೆಯನ್ನು ಕನ್ನಡದಲ್ಲಿ ಯಾರೋ ಬರೆದರಲ್ಲ ಎಂದು ಸಂತೋಷವಾಯಿತು. ಆದರೆ ಅದರಲ್ಲಿನ ಎರಡು ಮಾತುಗಳನ್ನು ಒಪ್ಪಲಾಗದು. ಒಂದು, 'ಲೊಲಿಟಾ' ದೋಣಿ ಹಾಕಿದ ಡೆಪ್ತ್ ಚಾರ್ಜ್‌ಗಳು ಕೆಟ್ಟಿದ್ದರಿಂದ ಸಿಡಿಯಲಿಲ್ಲ ಎಂಬುದು. ಇನ್ನೊಂದು, ದೋಣಿಯವರ ಅಸಡ್ಡೆಯಿಂದ ಸಬ್‌ಮೆರಿನ್ ಕಂಡ ಸುದ್ದಿ ದಡಕ್ಕೆ ಮುಟ್ಟುವುದು ತಡವಾಯಿತು ಎಂಬುದು. ಎರಡೂ ತಪ್ಪು. ಯಂತ್ರದ ಕೆಲಸ ಬಲ್ಲವರಿಗೆ ಎರಡಕ್ಕೂ ಕಾರಣ ಕಣ್ಣೆದುರೇ ಕಾಣುತ್ತದೆ.

ಮೊದಲು ಡೆಪ್ತ್ ಚಾರ್ಜ್ ವಿಷಯ. ಇದು ತಾಗಿದರೆ ಸಿಡಿಯುವ ಬಾಂಬಲ್ಲ. ಸ್ಫೋಟಕ ತುಂಬಿದ ಉಕ್ಕಿನ ಪೀಪಾಯಿ, ಅದರ ನಡುವಿನ ಕೊಳವೆಯಲ್ಲಿ ಸಿಡಿಸುವ ಸಾಧನ. ನೌಕಾಪಡೆಯವರು ಈ ಸಾಧನವನ್ನು ಪಿಸ್ತೂಲು ಎಂದೇ ಕರೆಯುತ್ತಾರೆ. ಪೀಪಾಯಿ ಮುಳುಗುತ್ತಿದ್ದಂತೆ ರಂಧ್ರದ ಮೂಲಕ ನೀರು ಒಳನುಗ್ಗಿ ಒಂದು ಸ್ಪ್ರಿಂಗನ್ನು ಒತ್ತುತ್ತದೆ. ಆಳ ಹೆಚ್ಚಿದಷ್ಟೂ ಒತ್ತಡ ಹೆಚ್ಚು. ಮೊದಲೇ ಗೊತ್ತುಮಾಡಿದ ಆಳಕ್ಕೆ ಇಳಿದಾಗ ಸ್ಪ್ರಿಂಗ್ ಸೋಲುತ್ತದೆ, ಮೊಳೆ ಬಿಡುಗಡೆಯಾಗುತ್ತದೆ, ಪೀಪಾಯಿ ಸಿಡಿಯುತ್ತದೆ. 50 ಅಡಿಗೆ ಹೊಂದಿಸಿದ ಪೀಪಾಯಿಯನ್ನು 30 ಅಡಿ ನೀರಿಗೆ ಹಾಕಿದರೆ ಅದು ತಳ ಸೇರಿ ಸುಮ್ಮನೆ ಮಲಗುತ್ತದೆ. ಅದರಲ್ಲಿ ದೋಷವೇನೂ ಇಲ್ಲ, ಅದಕ್ಕೆ ಬೇಕಾದ ಒತ್ತಡ ಸಿಕ್ಕಿಲ್ಲ ಅಷ್ಟೇ. ಹಾಗೆ ಮಲಗಿದ ಪೀಪಾಯಿಗೆ ಹಗ್ಗ ಸಿಕ್ಕಿಕೊಂಡು, ಯಾರಾದರೂ ಆಳದ ಕಡೆಗೆ ಎಳೆದರೆ ಆಗ ಸಿಡಿದೀತು.

ಮೇ 31ರ ರಾತ್ರಿ ಆದದ್ದು ಇದೇ. ಬಂದರಿಗೆ ಅಡ್ಡಲಾಗಿ ಕಟ್ಟುತ್ತಿದ್ದ ಉಕ್ಕಿನ ಬಲೆ ಇನ್ನೂ ಪೂರ್ತಿಯಾಗಿರಲಿಲ್ಲ, ಎರಡೂ ತುದಿಗಳಲ್ಲಿ ತೆರಪಿತ್ತು. ಪಡುವಣ ತೆರಪಿನ ಕಡೆ ಬಂದ ಜಪಾನಿನ ಪುಟ್ಟ ಸಬ್‌ಮೆರಿನ್ ಹಿಂದಕ್ಕೆ ಸರಿಯುವಾಗ ಬಾಲದ ಕಡೆಯಿಂದ ಬಲೆಗೆ ಸಿಕ್ಕಿಕೊಂಡಿತು. ಅಲ್ಲಿ ನೀರು ಆಳವಿಲ್ಲ. ಲೊಲಿಟಾ ಸರಿಯಾದ ಜಾಗಕ್ಕೇ ಹೋಗಿ ಸರಿಯಾದ ಜಾಗದಲ್ಲೇ ಪೀಪಾಯಿ ಉರುಳಿಸಿತು. ಪಿಸ್ತೂಲಿಗೆ ಬೇಕಾದ ಆಳ ಅಲ್ಲಿರಲಿಲ್ಲ. ಕೊನೆಗೆ ರಾತ್ರಿ 10 ಗಂಟೆ 35 ನಿಮಿಷಕ್ಕೆ ಸಬ್‌ಮೆರಿನ್‌ನೊಳಗಿದ್ದ ಇಬ್ಬರು ತಾವೇ ಸ್ಫೋಟಕ ಸಿಡಿಸಿ ಅದನ್ನು ನಾಶಮಾಡಿದರು.

ಹಾಗಾದರೆ ಪಿಸ್ತೂಲನ್ನು ಇನ್ನೂ ಕಡಿಮೆ ಆಳಕ್ಕೆ ಹೊಂದಿಸಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಸಣ್ಣ ದೋಣಿಯ ನಿಜವಾದ ಇಕ್ಕಟ್ಟು ಇರುವುದು ಇಲ್ಲಿಯೇ. ಆ ಕಾಲದ ಬ್ರಿಟಿಷ್ ಮಾದರಿಯ ಮಾರ್ಕ್ 7 ಪೀಪಾಯಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಒಟ್ಟು ತೂಕ ಸುಮಾರು 190 ಕಿಲೊ, ಅದರಲ್ಲಿ ಸ್ಫೋಟಕವೇ 130 ಕಿಲೊ. ನೀರಿನಲ್ಲಿ ಅದು ಇಳಿಯುವ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಂದರೆ 15 ಮೀಟರ್ ಆಳಕ್ಕೆ ಹೊಂದಿಸಿದರೆ ದೋಣಿಯವನಿಗೆ ಸಿಗುವುದು 5 ಸೆಕೆಂಡು. 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿಲೊಮೀಟರ್ ವೇಗದಲ್ಲಿ ಓಡುವ ಹಡಗು ಆ 5 ಸೆಕೆಂಡಿನಲ್ಲಿ 51 ಮೀಟರ್ ದೂರ ಹೋಗಿರುತ್ತದೆ. 10 ನಾಟ್ ಓಡುವ ಮೋಜಿನ ದೋಣಿ ಹೋಗಿರುವುದು 26 ಮೀಟರ್ ಮಾತ್ರ. ಆಳವನ್ನೂ ಸೇರಿಸಿ ಓರೆಯಾಗಿ ಅಳೆದರೂ ಸ್ಫೋಟಕ್ಕೂ ಹಲಗೆಯ ಒಡಲಿಗೂ ನಡುವೆ ಇರುವುದು ಬರೀ 30 ಮೀಟರ್ ನೀರು. ಇನ್ನೂ ಕಡಿಮೆ ಆಳಕ್ಕೆ ಹೊಂದಿಸಿದರೆ ಮೊದಲು ಮುಳುಗುವುದು ಹಾಕಿದ ದೋಣಿಯೇ.

ಇದು ಬರೀ ಕಾಗದದ ಲೆಕ್ಕವಲ್ಲ. ಮರುದಿನ ಬೆಳಗಿನ ಜಾವ ಟೇಲರ್ಸ್ ಬೇಯಲ್ಲಿ 'ಸೀ ಮಿಸ್ಟ್' ದೋಣಿ 15 ಮೀಟರಿಗೇ ಹೊಂದಿಸಿ ಪೀಪಾಯಿ ಹಾಕಿತು. ಆಗಷ್ಟೇ ಮುಳುಗಿದ್ದ ಇನ್ನೊಂದು ಪುಟ್ಟ ಸಬ್‌ಮೆರಿನ್ ಮಗುಚಿಕೊಂಡು ಮೇಲೆ ಬಂದು ಮತ್ತೆ ಮುಳುಗಿತು. ಸೀ ಮಿಸ್ಟ್ ಎರಡನೆಯ ಪೀಪಾಯಿ ಹಾಕಿತು. ಆ ಏಟಿಗೆ ತನ್ನದೇ ಎರಡು ಎಂಜಿನ್‌ಗಳಲ್ಲಿ ಒಂದು ಕೆಟ್ಟು, ಬೇಟೆ ಬಿಟ್ಟು ಹಿಂದಿರುಗಬೇಕಾಯಿತು. ಆಮೇಲೆ 'ಸ್ಟೆಡಿ ಅವರ್' ಮತ್ತು 'ಯರೋಮಾ' ದೋಣಿಗಳು ಕೆಲಸ ಮುಂದುವರಿಸಿದವು.

ನೀರಿನಡಿಯ ಸ್ಫೋಟ ಎಂಜಿನನ್ನು ಹೇಗೆ ಕೆಡಿಸುತ್ತದೆ ಎಂಬುದನ್ನೂ ಹೇಳಬೇಕು. ಹಲಗೆ ಒಡೆಯುವುದು ಆಮೇಲಿನ ಮಾತು. ಮೊದಲು ಒಡೆಯುವುದು ಎರಕದ ಕಬ್ಬಿಣ. ಎಂಜಿನನ್ನು ಮರದ ತೊಲೆಗೆ ಬಿಗಿದ ಕಾಲುಗಳು, ನೀರೆಳೆಯುವ ಪಂಪಿನ ಹೊದಿಕೆ, ಸಮುದ್ರದ ನೀರು ಒಳಬರುವ ಕೊಳವೆಯ ಬಾಗು, ಇವು ಬಾಗಲಾರವು, ಬಿರುಕು ಬಿಡುತ್ತವೆ. ಪೆಟ್ರೋಲ್ ಫಿಲ್ಟರಿನ ಗಾಜಿನ ಬಟ್ಟಲು ಒಡೆಯುತ್ತದೆ, ಬ್ಯಾಟರಿಯ ಫಲಕಗಳು ಉದುರುತ್ತವೆ. ಎಂಜಿನ್ ತೊಲೆಯ ಮೇಲೆ ಒಂದು ಕೂದಲಿನಷ್ಟು ಸರಿದರೂ ಶಾಫ್ಟಿನ ನೇರ ತಪ್ಪಿ ಬೇರಿಂಗ್ ಸುಡುತ್ತದೆ. ಆದ್ದರಿಂದ ಪೀಪಾಯಿ ಹಾಕುವ ಮೊದಲೇ ಎಂಜಿನ್‌ಗೆ ಪೂರ್ತಿ ಕೊಟ್ಟು ವೇಗ ಏರಿಸಿಕೊಂಡಿರಬೇಕು. ಹಾಕಿದ ಮೇಲೆ ತಿರುಗಿಸಬಾರದು, ತಿರುಗಿಸಿದರೆ ವೇಗ ಬೀಳುತ್ತದೆ, ನೇರ ಓಡಬೇಕು. ಮೇಲಿರುವವರು ಮೊಣಕಾಲು ಸಡಿಲ ಬಿಟ್ಟು ನಿಲ್ಲಬೇಕು, ನೆಟ್ಟಗೆ ನಿಂತರೆ ಕಾಲ ಮೂಳೆಗೆ ಪೆಟ್ಟು. ಸ್ಫೋಟ ಮುಗಿದ ಕೂಡಲೇ ಮೂರು ಕಡೆ ನೋಡಬೇಕು. ತಳದಲ್ಲಿ ನೀರು ಏರುತ್ತಿದೆಯೇ, ತಂಪು ಮಾಡುವ ನೀರು ಹೊರಗೆ ಬೀಳುತ್ತಿದೆಯೇ, ಶಾಫ್ಟ್ ಅದುರುತ್ತಿದೆಯೇ.

ತೂಕದ ಕಷ್ಟ ಬೇರೆ. ಇಂಥ 4 ಪೀಪಾಯಿ ಎಂದರೆ 760 ಕಿಲೊ, ಅಂದರೆ ಹಿಂಬದಿಯ ಅಂಚಿನಲ್ಲಿ ಸದಾ ಹನ್ನೊಂದು ಆಳುಗಳು ನಿಂತ ಹಾಗೆ. ಕೆಲವು ಮಂದಿ ಕೂತು ತಿಂಡಿ ತಿನ್ನಲು ಕಟ್ಟಿದ ದೋಣಿಗೆ ಇದು ಸಣ್ಣ ಭಾರವಲ್ಲ. ಹಿಂಭಾಗ ಕುಸಿಯುತ್ತದೆ, ಮುಂಭಾಗ ಎದ್ದು ಚುಕ್ಕಾಣಿ ಹಿಡಿದವನ ನೋಟಕ್ಕೆ ಅಡ್ಡ ಬರುತ್ತದೆ. ಹೊಗೆ ಹೋಗುವ ಕೊಳವೆಯ ಬಾಯಿ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಕಾಯುವಾಗ ಹಿಂದಿನಿಂದ ಬಂದ ಅಲೆ ಆ ಕೊಳವೆಯೊಳಗೆ ನೀರು ನುಗ್ಗಿಸಿ ಸಿಲಿಂಡರಿನವರೆಗೂ ತಲುಪಿಸುತ್ತದೆ. ಗೊತ್ತಿಲ್ಲದೆ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಮೇಲೆ ನಿಂತ ನೀರು ಒತ್ತಿಗೆ ಜಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅನುಮಾನ ಬಂದರೆ ಪ್ಲಗ್‌ಗಳನ್ನು ಬಿಚ್ಚಿ, ಕೈ ಹ್ಯಾಂಡಲಿನಿಂದ ಎರಡು ಸುತ್ತು ತಿರುಗಿಸಿ, ನೀರು ಹೊರಹಾಕಿದ ಮೇಲೆಯೇ ಚಾಲೂ ಮಾಡಬೇಕು. ಇನ್ನೊಂದು ಸೂಕ್ಷ್ಮವಿದೆ. ಪೀಪಾಯಿಗಳೂ ಬಂದೂಕಿನ ಕಂಬವೂ ಉಕ್ಕು. ಅವನ್ನು ಕೂರಿಸಿದ ದಿನವೇ ದಿಕ್ಸೂಚಿಯ ಮುಳ್ಳು ತಪ್ಪು ತೋರಿಸಲು ಶುರುಮಾಡುತ್ತದೆ. ದೋಣಿಯನ್ನು ಎಂಟೂ ದಿಕ್ಕಿಗೆ ತಿರುಗಿಸಿ ತಪ್ಪೆಷ್ಟು ಎಂದು ಬರೆದಿಟ್ಟುಕೊಳ್ಳಬೇಕು. ಎರಡು ಪೀಪಾಯಿ ಹಾಕಿ ಮುಗಿಸಿದ ಮೇಲೆ ಆ ಪಟ್ಟಿಯೂ ಸುಳ್ಳಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಆ ದೋಣಿಗಳನ್ನು ಹಗುರ ಮಾಡಲಿಕ್ಕಲ್ಲ. ನಮ್ಮ ಮಾತು ಇಷ್ಟು: ಇಂಥ ದೋಣಿಯ ಕೆಲಸ ಹೊಡೆಯುವುದಲ್ಲ, ಕಾಣುವುದು ಮತ್ತು ಕಂಡದ್ದನ್ನು ಆ ಕ್ಷಣವೇ ದಡಕ್ಕೆ ಮುಟ್ಟಿಸುವುದು. ಸಿಡ್ನಿಯ ದೋಣಿಗಳು ಮೊದಲ ಕೆಲಸವನ್ನು ಮಾಡಿದವು. ಎರಡನೆಯದಕ್ಕೆ ಬೇಕಾದ ಸಲಕರಣೆಯನ್ನು ಅವಕ್ಕೆ ಯಾರೂ ಕೊಟ್ಟಿರಲಿಲ್ಲ. ಗಸ್ತು ದೋಣಿಗಳಲ್ಲಿ ರೇಡಿಯೋ ಇರಲಿಲ್ಲ. ದೀಪ ಮಿನುಗಿಸಿ ಸಂಕೇತ ಕೊಡಬೇಕು, ಇಲ್ಲವೇ ಇನ್ನೊಂದು ದೋಣಿಯಲ್ಲಿ ಆಳನ್ನು ಕಳಿಸಬೇಕು.

ಗಂಟೆಗಳನ್ನು ಜೋಡಿಸಿ ನೋಡಿ. ರಾತ್ರಿ 8 ಗಂಟೆ 15ಕ್ಕೆ ಬಲೆಯ ಕಾವಲುಗಾರ ಜೇಮ್ಸ್ ಕಾರ್ಗಿಲ್ ಬಲೆಗೆ ಸಿಕ್ಕ ಆ ಮೊದಲ ಸಬ್‌ಮೆರಿನ್ ಅನ್ನು ಕಂಡರು. ಹುಟ್ಟು ಹಾಕುತ್ತ ಹತ್ತಿರ ಹೋಗಿ ನೋಡಿ, ಅಲ್ಲಿಂದ ಯರೋಮಾಗೆ ಹೋಗಿ ತಿಳಿಸಿದರು. ಯರೋಮಾ ಸುದ್ದಿ ಮುಟ್ಟಿಸಲು ಹೆಣಗಿತು. ನೌಕಾ ಕೇಂದ್ರಕ್ಕೆ ಆ ವರದಿ ಸಿಕ್ಕಾಗ 9 ಗಂಟೆ 52. ಒಟ್ಟು 97 ನಿಮಿಷ. ಅದಕ್ಕೆ 4 ನಿಮಿಷ ಮೊದಲು, 9 ಗಂಟೆ 48ಕ್ಕೆ, ಎರಡನೆಯ ಸಬ್‌ಮೆರಿನ್ ಬಂದರಿನೊಳಗೆ ದಾಟಿತ್ತು. ನಡುರಾತ್ರಿ ಕಳೆದು ಅರ್ಧ ಗಂಟೆಗೆ ಅದರ ಟಾರ್ಪೆಡೊ ಸಿಡಿದು 'ಕುಟ್ಟಬುಲ್' ಮುಳುಗಿತು, 21 ನಾವಿಕರು ಸತ್ತರು. ಕುಟ್ಟಬುಲ್ ಕೂಡ ಜನರನ್ನು ದಾಟಿಸುತ್ತಿದ್ದ ಹಳೆಯ ಫೆರಿ, ಆಗ ನಾವಿಕರ ವಸತಿಯಾಗಿತ್ತು. ರೇಡಿಯೋ ಇದ್ದಿದ್ದರೆ ಆ 21 ಜನ ಉಳಿಯುತ್ತಿದ್ದರು ಎಂದು ಖಡಾಖಂಡಿತ ಹೇಳಲಾಗದು. ಆದರೆ ಕತ್ತಲಲ್ಲಿ ಕಣ್ಣಿಟ್ಟು ಕೂತು, ಕಂಡದ್ದನ್ನು ಹೇಳಲು ಒದ್ದಾಡಿದವರ ಮೇಲೆ ತಡದ ಅಪವಾದ ಹೊರಿಸುವುದು ಅನ್ಯಾಯ. ಬಂದರಿನ ಬಾಯಲ್ಲಿ ಮೂರನೆಯ ಸಬ್‌ಮೆರಿನ್ ಮೇಲೆ ಸರ್ಚ್‌ಲೈಟ್ ಬಿಟ್ಟು ತೋರಿಸಿದ 'ಲೌರಿಯಾನಾ' ಕೂಡ ಇಂಥದೇ ಖಾಸಗಿ ದೋಣಿ. ಆ ರಾತ್ರಿ ಬಂದರಿನಲ್ಲಿ ಆಗಿನ ಭಾರತೀಯ ನೌಕಾಪಡೆಯ ನಮ್ಮ ಹಡಗು 'ಎಚ್‌ಎಂಐಎಸ್ ಬಾಂಬೆ' ಕೂಡ ಇತ್ತು ಎಂಬುದನ್ನು ನಿಮ್ಮ ಲೇಖಕರು ಬಿಟ್ಟಿದ್ದಾರೆ, ಸೇರಿಸಿಕೊಳ್ಳಿ.

ಮರದ ದೋಣಿಗೆ ರೇಡಿಯೋ ಕೂರಿಸುವುದು ಅಂಗಡಿಯಿಂದ ತಂದಿಟ್ಟಷ್ಟು ಸಲೀಸಲ್ಲ, ನಿಜ. ಪೆಟ್ರೋಲ್ ಎಂಜಿನ್ನಿನ ಪ್ರತಿ ಕಿಡಿಯೂ ರೇಡಿಯೋದಲ್ಲಿ ಗರಗರ ಎನ್ನುತ್ತದೆ. ಪ್ರತಿ ಪ್ಲಗ್ ತಂತಿಗೂ ಸುಮಾರು 10,000 ಓಮ್‌ನ ರೆಸಿಸ್ಟರ್, ಡೈನಮೊಗೆ ಒಂದು ಕಂಡೆನ್ಸರ್, ತಂತಿಗಳ ಮೇಲೆ ಲೋಹದ ಹೆಣಿಗೆ, ಇಷ್ಟು ಮಾಡದಿದ್ದರೆ ಎಂಜಿನ್ ನಿಲ್ಲಿಸದೆ ಒಂದು ಮಾತೂ ಕೇಳಿಸದು. ಉಕ್ಕಿನ ಹಡಗಿಗೆ ಒಡಲೇ ಅರ್ಥಿಂಗ್. ಮರದ ದೋಣಿಗೆ ನೀರಿನ ಮಟ್ಟದ ಕೆಳಗೆ ಹೊರಗಡೆಯಿಂದ ಸುಮಾರು 12 ಚದರಡಿಯ ತಾಮ್ರದ ತಗಡು ಹೊಡೆದು, ಅಲ್ಲಿಂದ ಅಗಲವಾದ ತಾಮ್ರದ ಪಟ್ಟಿಯನ್ನು ಒಳಗೆ ತರಬೇಕು. ಬಲ್ಲ ಕೈಗಳಿಗೆ ಇದು ಕೆಲವು ದಿನಗಳ ಕೆಲಸ. ಬಂದೂಕಿಗೆ ಕಂಬ ಕೂರಿಸಲು, ತೆಳು ಡೆಕ್ಕಿನ ಕೆಳಗೆ ಅಡ್ಡತೊಲೆ ಕೊಟ್ಟು ಭಾರವನ್ನು ಬೆನ್ನುತೊಲೆಗೆ ಇಳಿಸಲು ಹಿಡಿಯುವ ಶ್ರಮಕ್ಕಿಂತ ಇದು ಹೆಚ್ಚೇನಲ್ಲ.

ಅದೇ 1942ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಅಟ್ಲಾಂಟಿಕ್ ಕರಾವಳಿಯಲ್ಲಿ ಖಾಸಗಿ ದೋಣಿಗಳ ಕಾವಲು ಪಡೆ ಕಟ್ಟಿದಾಗ ರೇಡಿಯೋ ಮೊದಲಿನಿಂದಲೇ ಸಲಕರಣೆ ಪಟ್ಟಿಯಲ್ಲಿತ್ತು. 300 ಪೌಂಡಿನ 4 ಡೆಪ್ತ್ ಚಾರ್ಜ್, ಒಂದು ಮಷಿನ್‌ಗನ್, ಒಂದು ರೇಡಿಯೋ. ಕರಾವಳಿಯಾಚೆಯ ನೀರನ್ನು 15 ನಾಟಿಕಲ್ ಮೈಲಿಯ ಚೌಕಗಳಾಗಿ ಗೆರೆ ಹಾಕಿ, ಒಂದೊಂದು ಚೌಕಕ್ಕೆ ಕಾವಲು ಹಾಕಿದರು. ಅಲ್ಲಿ ಹಾಯಿ ದೋಣಿಗಳಿಗೆ ಬೇಡಿಕೆಯಿತ್ತು. ಹಾಯಿಯಲ್ಲಿ ಹೋಗುವಾಗ ಎಂಜಿನ್ ಸದ್ದಿಲ್ಲ, ನೀರಿನೊಳಗೆ ಕಿವಿಯಿಟ್ಟು ಕೇಳಬಹುದು. ಪೆಟ್ರೋಲಿನ ಚಿಂತೆಯಿಲ್ಲದೆ ದಿನಗಟ್ಟಲೆ ಹೊರಗಿರಬಹುದು. ಆ ಕಾಲದ ಜರ್ಮನ್ ಸಬ್‌ಮೆರಿನ್ ನೀರ ಮೇಲೆ 17 ನಾಟ್ ಓಡಿದರೆ, ಮುಳುಗಿದಾಗ 7 ನಾಟ್ ದಾಟುವುದೇ ಹೆಚ್ಚು, ಅದೂ ಬ್ಯಾಟರಿ ಬೇಗ ಬರಿದಾಗುವಷ್ಟು ಖರ್ಚಿನಲ್ಲಿ. ಕಾವಲು ದೋಣಿ ಕಂಡಿತೆಂದು ಅದು ಮುಳುಗಿದರೆ ಸಾಕು, ಸರಕಿನ ಹಡಗು ಮುಂದೆ ಹೋಗುತ್ತದೆ. ಅದಕ್ಕೆ ಒಂದು ಗುಂಡೂ ಹಾರಬೇಕಿಲ್ಲ.

ಸದ್ದಿನ ವಿಷಯ ಮೊದಲ ಮಹಾಯುದ್ಧದಲ್ಲೇ ಗೊತ್ತಾಗಿತ್ತು. 1914ರಲ್ಲಿ ಬ್ರಿಟನ್ನಿನ ದೋಣಿ ಮಾಲೀಕರು ತಮ್ಮ ತಮ್ಮ ದೋಣಿ ಸಮೇತ ನೌಕಾಪಡೆಗೆ ಸೇರಿದರು. ತೆರೆದ ಸಮುದ್ರದ ಅಲೆಗೆ ಆ ದೋಣಿಗಳು ತಾಳಲಿಲ್ಲ. 1915ರಲ್ಲಿ ಅಮೆರಿಕದ ಎಲ್ಕೊ ಕಂಪನಿಗೆ ಮೊದಲು 50, ಆಮೇಲೆ 500 ದೋಣಿಗಳ ಆರ್ಡರ್ ಹೋಯಿತು. 550ನ್ನೂ 488 ದಿನಗಳಲ್ಲಿ ಮುಗಿಸಿದರು. ಅಮೆರಿಕ ಆಗ ತಟಸ್ಥವಾಗಿದ್ದರಿಂದ ಬಿಡಿಭಾಗಗಳನ್ನು ಕೆನಡಾಕ್ಕೆ ಸಾಗಿಸಿ ಅಲ್ಲಿ ಜೋಡಿಸಿದರು. 220 ಅಶ್ವಶಕ್ತಿಯ ಎರಡೆರಡು ಪೆಟ್ರೋಲ್ ಎಂಜಿನ್, 19 ನಾಟ್ ವೇಗ. ಓಟಕ್ಕೇನೋ ಚೆನ್ನ, ಆದರೆ ವಿಪರೀತ ಹೊಯ್ದಾಟ. ಸಬ್‌ಮೆರಿನ್ ಸದ್ದು ಕೇಳಬೇಕೆಂದರೆ ಎಂಜಿನ್ ನಿಲ್ಲಿಸಿ, ಹೈಡ್ರೋಫೋನನ್ನು ನೀರಿಗಿಳಿಸಿ, ಹೊಯ್ದಾಡುತ್ತ ಕಿವಿಗೊಡಬೇಕು. ಅಷ್ಟರಲ್ಲಿ ದೋಣಿ ಸುಮ್ಮನೆ ನಿಂತ ಗುರಿ.

ನಿಮ್ಮ ಲೇಖಕರು ಪೂರ್ತಿ ಬಿಟ್ಟಿರುವ ಇನ್ನೊಂದು ಸಂಗತಿ ನಿಧಾನದ ಓಟ. ಗಸ್ತು ಎಂದರೆ ರಾತ್ರಿಯಿಡೀ 4–5 ನಾಟ್‌ನಲ್ಲಿ ತೆವಳುವುದು. ರಜಾ ದಿನ ಎರಡು ಗಂಟೆ ಜೋರಾಗಿ ಓಡಿ ಬರಲು ಮಾಡಿದ ಪೆಟ್ರೋಲ್ ಎಂಜಿನ್‌ಗೆ ಇದರಷ್ಟು ಹಿಂಸೆ ಬೇರೆಯಿಲ್ಲ. ಸಮುದ್ರದ ತಣ್ಣೀರು ನೇರವಾಗಿ ಹರಿಯುವುದರಿಂದ ಎಂಜಿನ್ ಬಿಸಿಯೇ ಆಗುವುದಿಲ್ಲ. ಆವಿಯಾಗದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದು ಕೆಳಗಿಳಿದು ಆಯಿಲ್ ತೆಳ್ಳಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ ಸಂತೋಷಪಡಬಾರದು, ಮೂಸಿ ನೋಡಬೇಕು. ಪ್ಲಗ್‌ಗಳಿಗೆ ಮಸಿ ಕಟ್ಟುತ್ತದೆ. ಬೆಳಗಿನ ಜಾವ ಏನೋ ಕಂಡಿತೆಂದು ಪೂರ್ತಿ ಕೊಟ್ಟರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಇದಕ್ಕೆ ಮದ್ದು, ಗಂಟೆಗೊಮ್ಮೆ ಐದು ನಿಮಿಷ ಜೋರಾಗಿ ಓಡಿಸಿ ಪ್ಲಗ್ ಸುಟ್ಟು ಚೊಕ್ಕ ಮಾಡುವುದು, ಬಿಸಿ ಹಿಡಿದಿಡುವ ಬಗೆಯ ಪ್ಲಗ್ ಹಾಕುವುದು, ತಣ್ಣೀರಿನ ಹರಿವನ್ನು ಕೊಂಚ ತಗ್ಗಿಸುವುದು. ಎರಡು ಎಂಜಿನ್ ಇದ್ದರೆ ಒಂದನ್ನೇ ಓಡಿಸಬಹುದು, ಆದರೆ ನಿಂತ ಎಂಜಿನ್ನಿನ ಶಾಫ್ಟನ್ನು ಕಟ್ಟಿ ಹಾಕಬೇಕು. ಬಿಟ್ಟರೆ ನೀರಿನ ಸೆಳೆತಕ್ಕೆ ಪ್ರೊಪೆಲ್ಲರ್ ತಿರುಗುತ್ತ ಆಯಿಲ್ ಸಿಗದ ಗೇರ್‌ಬಾಕ್ಸನ್ನು ಸವೆಸುತ್ತದೆ. ಕ್ಯೂಬಾದ ಸುತ್ತ 1942–43ರಲ್ಲಿ ಗಸ್ತು ತಿರುಗಿದ 38 ಅಡಿಯ 'ಪಿಲಾರ್' ಎಂಬ ಮೀನುಗಾಳದ ದೋಣಿಯಲ್ಲಿ 75 ಅಶ್ವಶಕ್ತಿಯ ದೊಡ್ಡ ಎಂಜಿನ್ ಜೊತೆಗೆ, ನಿಧಾನ ಓಟಕ್ಕೆಂದೇ 40 ಅಶ್ವಶಕ್ತಿಯ ಇನ್ನೊಂದಿತ್ತು. ಗಾಳ ಎಳೆಯಲು ಮಾಡಿದ ಆ ಏರ್ಪಾಡು ಗಸ್ತಿಗೆ ಹೇಳಿ ಮಾಡಿಸಿದಂತಿದೆ.

ನಿಧಾನ ಓಟದಲ್ಲಿ ಡೈನಮೊ ಬ್ಯಾಟರಿಗೆ ಏನನ್ನೂ ತುಂಬುವುದಿಲ್ಲ. 12 ವೋಲ್ಟಿನಲ್ಲಿ 250 ವಾಟಿನ ಸರ್ಚ್‌ಲೈಟ್ ಸುಮಾರು 20 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್ ಗಂಟೆಯ ಬ್ಯಾಟರಿ ಎರಡೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಬೆಳಿಗ್ಗೆ ಸ್ಟಾರ್ಟರ್ ಬರೀ ಗುರ್ ಎನ್ನುತ್ತದೆ. ಸ್ಟಾರ್ಟರಿಗೆ ಬೇರೆ ಬ್ಯಾಟರಿ, ದೀಪ ಮತ್ತು ರೇಡಿಯೋಗೆ ಬೇರೆ ಬ್ಯಾಟರಿ, ಸಾಧ್ಯವಾದರೆ ಚಾರ್ಜಿಗೆಂದೇ ಒಂದು ಪುಟ್ಟ ಎಂಜಿನ್ ಇರಬೇಕು.

ಕೊನೆಯದು ಪೆಟ್ರೋಲ್ ಆವಿ. ಇದು ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಕಾರಿನಲ್ಲಿ ಸೋರಿದ ಆವಿ ನೆಲದ ಮೇಲೆ ಹರಡಿ ಹೋಗುತ್ತದೆ. ದೋಣಿಯ ತಳವೋ ಮುಚ್ಚಿದ ಬಟ್ಟಲು, ಅಲ್ಲೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಆವಿ ಸೇರಿದರೂ ಒಂದು ಕಿಡಿ ಸಾಕು. ಇಂಥ ದೋಣಿಯಲ್ಲಿ ಡೆಪ್ತ್ ಚಾರ್ಜ್ ಇಟ್ಟುಕೊಂಡಾಗ ಪೆಟ್ರೋಲ್ ತುಂಬುವುದೇ ಒಂದು ವಿಧಿ. ಕೆಳಗಿನ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆ ದೀಪ ಆರಿಸಿ, ಎಲ್ಲರನ್ನೂ ಮೇಲೆ ಕರೆಸಿ ತುಂಬಬೇಕು. ತುಂಬುವ ಕೊಳವೆ ಟ್ಯಾಂಕಿನ ತಳದವರೆಗೂ ಇಳಿದಿರಬೇಕು, ಟ್ಯಾಂಕಿನ ಉಸಿರುಕೊಳವೆ ದೋಣಿಯ ಹೊರಗೆ ತೆರೆದಿರಬೇಕು. ತುಂಬಿದ ಮೇಲೆ ಎಂಜಿನ್ ಮುಚ್ಚಳ ತೆಗೆದು, ನಾಲ್ಕೈದು ನಿಮಿಷ ಗಾಳಿ ಆಡಿಸಿ, ಬಗ್ಗಿ ತಳದ ವಾಸನೆ ನೋಡಬೇಕು. ವಾಸನೆ ಇದ್ದರೆ ಸ್ವಿಚ್ಚನ್ನೇ ಮುಟ್ಟಬಾರದು. ಕಾರ್ಬ್ಯುರೇಟರ್ ಕೆಳಗೆ ತಂತಿಜಾಲರಿ ಮುಚ್ಚಿದ ತಟ್ಟೆ ಇರಲೇಬೇಕು. ಸ್ಫೋಟದ ಪೆಟ್ಟಿಗೆ ಟ್ಯಾಂಕಿನ ಬೆಸುಗೆ ಬಿಟ್ಟಿದೆಯೇ ಎಂದು ಮೊದಲು ಹೇಳುವುದೂ ಮೂಗೇ.

ಸಂಪಾದಕರೇ, ಲೊಲಿಟಾದ ಡೆಪ್ತ್ ಚಾರ್ಜ್ ಕೆಟ್ಟಿರಲಿಲ್ಲ, ಅಲ್ಲಿ ನೀರು ಆಳವಿರಲಿಲ್ಲ ಎಂಬ ತಿದ್ದುಪಡಿಯನ್ನೂ, ಆ ದೋಣಿಗಳಲ್ಲಿ ರೇಡಿಯೋ ಇರಲಿಲ್ಲ ಎಂಬುದನ್ನೂ ಮುಂದಿನ ಭಾನುವಾರ ಅದೇ ಪುಟದಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ದೋಣಿ ಎಂಜಿನ್ ಕೆಲಸ ಬಲ್ಲ ಇಬ್ಬರು ಓದುಗರು